ಅಪ್‌ಡೇಟ್: ಸ್ಕೀ ಬೈಂಡಿಂಗ್‌ಗೆ ಕೊನೆಗೂ ಜೆಲ್ ಸಿಕ್ಕಿತು

ವಾಟರ್ ಸ್ಕೀಯ (ದೋಣಿ ಎಳೆಯುವಾಗ ನೀರಿನ ಮೇಲೆ ಜಾರುವ ಹಲಗೆ) ಬಿಗಿ ರಬ್ಬರ್ ಬೈಂಡಿಂಗ್‌ನಲ್ಲಿ, ಅಂದರೆ ಪಾದ ಹಿಡಿದಿಡುವ ಕವಚದಲ್ಲಿ, ಕಾಲು ತೂರಿಸಲು ಏನು ಹಚ್ಚಬೇಕು ಅಂತ ಕೇಳಿದ್ದೆನಲ್ಲ, ಕೊನೆಗೆ ನೀರಿನಲ್ಲಿ ಕರಗುವ ಜೆಲ್ ಆರಿಸಿಕೊಂಡೆ. ಹಿಮ್ಮಡಿಗೂ ಪಾದದ ಮೇಲ್ಭಾಗಕ್ಕೂ ತೆಳುವಾಗಿ ಸವರಿದರೆ ಸಾಕು, ಕಾಲು ಸಲೀಸಾಗಿ ಒಳಗೆ ಹೋಗುತ್ತದೆ. ನೀರಿಗಿಳಿದ ಮೇಲೆ ಜೆಲ್ ತೊಳೆದುಹೋಗಿ ಹಿಡಿತ ಮತ್ತೆ ಬರುತ್ತದೆ. ಬೇಕಿದ್ದದ್ದೂ ಅದೇ ಅಲ್ವಾ! ಸಿಲಿಕೋನ್‌ನದು ಅಷ್ಟು ಬೇಗ ಹೋಗುವುದಿಲ್ಲ, ಒಳಗೆ ಕಾಲು ಜಾರುತ್ತಲೇ ಇರುತ್ತದೆ.

ವ್ಯಾಸಲೀನ್, ಎಂಜಿನ್ ಆಯಿಲ್ ಮಾತ್ರ ಹತ್ತಿರಕ್ಕೂ ಬೇಡ. ಪೆಟ್ರೋಲಿಯಂ ತಗುಲಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಆಮೇಲೆ ಸುಲಭವಾಗಿ ಹರಿಯುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರೂ ಕೆಲಸ ಮಾಡುತ್ತದೆ, ಆದರೆ ಅದೆಲ್ಲ ಕೆರೆಗೇ ಸೇರುತ್ತದೆ. ಮೀನುಗಳಿಗೆ ಯಾಕೆ ಸುಮ್ನೆ ತೊಂದರೆ?

ವೇಕ್‌ಬೋರ್ಡ್ (ಎರಡೂ ಕಾಲಿಗೆ ಒಂದೇ ಅಗಲದ ಹಲಗೆ) ಬೂಟಿಗೆ ಜೆಲ್ಲೇ ಬೇಕಾಗಲಿಲ್ಲ. ಲೇಸ್ ಪೂರ್ತಿ ಸಡಿಲಿಸಿ, ಒಳಗೆ ನೀರು ಹಾಕಿಕೊಂಡರೆ ಆಯಿತು.