ಸಹಾಯ ಬೇಕು: ಮೀಟರ್ ತೆಗೆದ ಮ್ಯಾಲೂ ಗೋಡಿ ವೈರಿಗೆ ಟೆಸ್ಟರ್ ಹತ್ತಲಾಕತ್ತದ

ಕಲಬುರಗಿ ಬ್ರಹ್ಮಪುರದಾಗ ನಮ್ಮ ಹಳೇ ಶಹಾಬಾದ್ ಕಲ್ಲಿನ ಮನಿ ಕೆಡವಲಾಕತ್ತೀವಿ. ಜೆಸ್ಕಾಂಗೆ ಅರ್ಜಿ ಕೊಟ್ಟು ಮೀಟರ್ ತೆಗೆಸೀವಿ, ಕಂಬದ ಸರ್ವಿಸ್ ವೈರೂ ಇಳಿಸ್ಯಾರ. ಆದ್ರೂ ಬಾಜು ಮನಿಗೆ ಹತ್ತಿದ ಗೋಡ್ಯಾಗ ಒಂದು ವೈರಿಗೆ ಟೆಸ್ಟರ್ ಹಚ್ಚಿದ್ರ ಸಣ್ಣಗೆ ಲೈಟ್ ಹತ್ತತದ. ನಮ್ಮಲ್ಲಿ ಇನ್ವರ್ಟರ್ ಇಲ್ಲ. ಬಾಜುದವರ ಮೇನ್ ಆಫ್ ಮಾಡಿಸಿದ್ರೂ ಆರಲಿಲ್ಲ. ಡಿಜಿಟಲ್ ಮಲ್ಟಿಮೀಟರ್ 230 ವೋಲ್ಟ್ ತೋರ್ಸಲ್ಲ, ಸೊನ್ನೆನೂ ತೋರ್ಸಲ್ಲ, ನಡುವೇ ಓಡಾಡತದ. ಎಲೆಕ್ಟ್ರಿಷಿಯನ್ "ಬರೀ ಇಂಡಕ್ಷನ್, ಏನಾಗಲ್ಲ" ಅಂತಾನ, ಅಂದ್ರ ಹತ್ತಿರದ ಚಾಲೂ ವೈರಿನಿಂದ ಮುಟ್ಟದೇನೇ ಬರೋ ಸಣ್ಣ ವೋಲ್ಟೇಜ್ ಅಂತ.

ಆದ್ರ ಕಬ್ಬಿಣದ ಹಾರಿ ಹಿಡಿದು ಆ ಗೋಡಿ ಒಡಿಯೋರು ಕೂಲಿಯವರು, ಅದೂ ಎಷ್ಟೋ ಮಂದಿ ಬರಿಗಾಲಾಗ. ಅಂದಾಜಿನ ಮ್ಯಾಲ ಅವರ ಜೀವ ಇಡಲಾಕ ನಂಗ ಮನಸಿಲ್ಲ. ಕೆಲಸ ನಿಲ್ಲಿಸೀನಿ.

ಇದು ನಿಜವಾದ ಸಪ್ಲೈಯೋ, ಇಂಡಕ್ಷನ್ನೋ ಅಂತ ಖಾತ್ರಿ ಮಾಡ್ಕೊಳ್ಳೋದು ಹ್ಯಾಂಗ? ಅದಕ್ಕ ಯಾರನ್ನ ಕರೆಸಬೇಕು?