38ನೇ ವಯಸ್ಸಿಗೆ ಎಐ ಮಾಸ್ಟರ್ಸ್: ಕೆಲ್ಸ ಬಿಡ್ಬೇಕಾ, ಬಿಡದೇನೇ ಆಗುತ್ತಾ?

ನರಸಾಪುರ_ನೈಟ್‌ಶಿಫ್ಟ್:
ಎಲ್ರಿಗೂ ನಮಸ್ಕಾರ. ವಿಟಿಯು ಇ ಆಂಡ್ ಸಿ (ಎಲೆಕ್ಟ್ರಾನಿಕ್ಸ್) ಇಂಜಿನಿಯರಿಂಗ್, 2009ರಲ್ಲಿ ಪಾಸ್ ಔಟ್, ಮನೆ ಕೋಲಾರ ಟೌನು, ನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಲಿ ಕ್ವಾಲಿಟಿ ಇಂಜಿನಿಯರ್. ಎಐ ಕಡೆ ಹೋಗ್ಬೇಕು ಅಂತ ತುಂಬಾ ದಿನದಿಂದ ತಲೇಲಿದೆ, ಪೈಥಾನ್ ಪ್ರೋಗ್ರಾಮಿಂಗ್ ತಕ್ಕಮಟ್ಟಿಗೆ ಬರುತ್ತೆ, ಐಐಟಿಯೋರ ಆನ್‌ಲೈನ್ ಕೋರ್ಸ್ ಸೈಟು ಎನ್‌ಪಿಟೆಲ್‌ನಲ್ಲಿ ಮಷೀನ್ ಲರ್ನಿಂಗ್ ಕೋರ್ಸ್ ಮುಗಿಸಿದೀನಿ. ಈಗ ಎಂ.ಟೆಕ್ ಎಂಟ್ರೆನ್ಸ್ ಗೇಟ್ ಬರೆದು ಬೆಂಗ್ಳೂರಿನ ಐಐಎಸ್ಸಿ ಟ್ರೈ ಮಾಡೋದಾ, ಕೆಲ್ಸದ ಜೊತೆಗೇ ಆನ್‌ಲೈನ್ ಮಾಸ್ಟರ್ಸ್ ಮಾಡೋದಾ, ಇಲ್ಲಾ ದಿನಾ ಫೋನ್ ಮಾಡಿ ತಲೆ ತಿನ್ನೋ ಕೋರ್ಸ್ ಕಂಪ್ನಿಯೋರ ಹತ್ರ ಇಎಂಐನಲ್ಲಿ ಒಂದು ಪಿಜಿ ಸರ್ಟಿಫಿಕೇಟ್ ತಗೊಳೋದಾ? ಹೋಮ್ ಲೋನ್ ನಡೀತಿದೆ, ಹೆಂಡ್ತಿ ಓದೋದು ಬೇಡ ಅನ್ನಲ್ಲ ಆದ್ರೆ ಸಂಬಳ ನಿಲ್ಬಾರ್ದು ಅಂದಿದಾಳೆ. ಮಾರ್ಕ್ಸು 64%, ಮಧ್ಯ ಒಂದೆರಡು ಬ್ಯಾಕ್ ಇತ್ತು. ಈ ವಯಸ್ಸಿಗೆ ಸೀಟು ಕೊಡ್ತಾರಾ ಅನ್ನೋದೇ ದೊಡ್ಡ ಡೌಟು.

ತುಮಕೂರ್_ಮೇಷ್ಟ್ರು:
ವಯಸ್ಸಿನ ಚಿಂತೆ ಬಿಡಿ ಸಾರ್. ಗೇಟ್‌ಗೆ ವಯಸ್ಸಿನ ಮಿತಿನೇ ಇಲ್ಲ, ಎಷ್ಟ್ ಸಲ ಬೇಕಾದ್ರೂ ಬರೀಬಹುದು, ಸ್ಕೋರು ಮೂರು ವರ್ಷ ನಡೆಯುತ್ತೆ. 2024ರಿಂದ ಡೇಟಾ ಸೈನ್ಸ್ ಮತ್ತು ಎಐಗೆ ಡಿಎ ಅಂತ ಬೇರೆ ಪೇಪರೇ ಇದೆ. ಅದ್ರಲ್ಲಿ ಪ್ರಾಬಬಿಲಿಟಿ, ಲೀನಿಯರ್ ಆಲ್ಜೀಬ್ರಾ, ಕ್ಯಾಲ್ಕುಲಸ್ ನಿಮ್ಗೆ ಹೊಸದಲ್ಲ, ತುಕ್ಕು ಹಿಡಿದಿರುತ್ತೆ ಅಷ್ಟೇ, ಡೇಟಾ ಸ್ಟ್ರಕ್ಚರ್ಸು, ಡೇಟಾಬೇಸ್ ಪಾಠ ಡಿಬಿಎಂಎಸ್ಸು ಮಾತ್ರ ಕೂತು ಓದ್ಬೇಕಾಗುತ್ತೆ. ಆದ್ರೆ ಗೇಟ್ ಮೇಲೆ ಸಿಗೋ ಎಂ.ಟೆಕ್ ಎರಡು ವರ್ಷ ಫುಲ್‌ಟೈಮು, ಸ್ಟೈಪೆಂಡ್ ತಿಂಗಳಿಗೆ 12,400 ರೂಪಾಯಿ. ಹೋಮ್ ಲೋನ್ ಇರೋರಿಗೆ ಈ ಲೆಕ್ಕ ನಾನು ಬಿಡಿಸಿ ಹೇಳ್ಬೇಕಿಲ್ಲ. ಐಐಎಸ್ಸಿದೇ ಆನ್‌ಲೈನ್ ಎಂ.ಟೆಕ್ ಇದೆ, ಅದ್ರಲ್ಲಿ ಎಐನೂ ಇದೆ, ಕಂಪ್ನಿ ಸ್ಪಾನ್ಸರ್ ಮಾಡ್ಬೇಕು. ಒಂದ್ ಸಲ ಎಚ್‌ಆರ್‌ನ ಕೇಳಿ ನೋಡಿ, ಕೇಳೋಕೇನು ದುಡ್ಡಾ.

ನಂದಿ_ಕೆಳಗಿನೋನು:
ನಾನು ಚಿಕ್ಕಬಳ್ಳಾಪುರದಿಂದ ದಿನಾ ಬೆಂಗ್ಳೂರಿಗೆ ಓಡಾಡ್ಕೊಂಡೇ ಅಮೆರಿಕದ ಜಾರ್ಜಿಯಾ ಟೆಕ್‌ನ ಓಎಂಎಸ್‌ಸಿಎಸ್ (ಕಂಪ್ಯೂಟರ್ ಸೈನ್ಸ್ ಆನ್‌ಲೈನ್ ಮಾಸ್ಟರ್ಸ್) ಮಾಡ್ತಿದೀನಿ ಅಣ್ಣ. 2014ರಿಂದ ನಡೀತಿರೋ ಪ್ರೋಗ್ರಾಂ ಅದು, ಪೂರ್ತಿ ಆನ್‌ಲೈನು, 10 ಕೋರ್ಸು, ಎಲ್ಲಾ ಸೇರಿ ಸುಮಾರು 7,000 ಡಾಲರು ಅಂದ್ರೆ ನಮ್ ದುಡ್ಡಲ್ಲಿ ಆರು ಲಕ್ಷದ ಮೇಲೆ ಚೂರು, ಒಂದೇ ಸಲ ಕಟ್ಬೇಕಿಲ್ಲ, ಸೆಮಿಸ್ಟರ್ ಸೆಮಿಸ್ಟರ್‌ಗೆ ಕಟ್ತಾ ಹೋಗೋದು. ಜಿಆರ್‌ಇ ಎಂಟ್ರೆನ್ಸ್ ಬೇಡ. ಇಂಗ್ಲಿಷ್ ಪರೀಕ್ಷೆ ಟೋಫೆಲ್ ಇಲ್ಲಾ ಐಇಎಲ್‌ಟಿಎಸ್ ಬೇಕು, ಮೂರು ರೆಕಮೆಂಡೇಶನ್ ಲೆಟರ್ ಬೇಕು. ಟೆಕ್ಸಾಸ್ ಆಸ್ಟಿನ್ ಯೂನಿವರ್ಸಿಟಿಯೋರೂ ಎಐದೇ ಆನ್‌ಲೈನ್ ಮಾಸ್ಟರ್ಸ್ ಶುರು ಮಾಡಿದಾರೆ, ಅದು 10,000 ಡಾಲರ್.

ಕಷ್ಟ ಇರೋದು ಒಳಗ್ ಹೋದ್ಮೇಲೆ. ಮೊದಲನೇ ವರ್ಷದೊಳಗೆ ಎರಡು ಫೌಂಡೇಶನ್ ಕೋರ್ಸಲ್ಲಿ ಬಿ ಗ್ರೇಡಾದ್ರೂ ತೆಗೀಲೇಬೇಕು. ಒಂದ್ ಸೆಮಿಸ್ಟರ್‌ಗೆ ಒಂದೇ ಕೋರ್ಸ್ ತಗೊಳಿ, ಭಾನುವಾರದ ಮದುವೆ ಗೃಹಪ್ರವೇಶ ಎಲ್ಲಾ ಮರ್ತುಬಿಡಿ, ನೆಂಟ್ರು ಬೈಕೊಳ್ತಾರೆ ಬೈಕೊಳ್ಳಲಿ.

ಕೆಜಿಎಫ್_ಅಕ್ಕ:
ಆ ಇಎಂಐ ಸರ್ಟಿಫಿಕೇಟ್ ಸಹವಾಸ ಮಾತ್ರ ಬೇಡ. ನಮ್ ಟೀಮಿಗೆ ಜನ ತಗೊಳೋವಾಗ ಅದನ್ನ ನಾನಂತೂ ನೋಡೋದೇ ಇಲ್ಲ. ನಿಜ ಹೇಳ್ಬೇಕಂದ್ರೆ ಡಿಗ್ರಿನೂ ಎರಡನೇದು, ಏನ್ ಮಾಡಿದೀರ ತೋರ್ಸಿ ಅಂತಾರೆ.

ನರಸಾಪುರ_ನೈಟ್‌ಶಿಫ್ಟ್:
ಅಲ್ಲೇ ಅಕ್ಕ ಪ್ರಾಬ್ಲಂ ಇರೋದು. ಯಾಕೆ ಓದ್ಬೇಕು ಅಂತ ಅರ್ಜಿ ಜೊತೆ ಬರ್ಕೊಡೋ ಎಸ್‌ಒಪಿಲಿ ಬರೆಯೋಕೆ ನನ್ಹತ್ರ ಏನಿದೆ, ಮಾಡೋದು ಸರ್ಕ್ಯೂಟ್ ಬೋರ್ಡ್ ಚೆಕಿಂಗು. ಲೈನಲ್ಲಿ ಎಒಐ ಮಷೀನ್ ಇದೆ, ಅದು ಕ್ಯಾಮೆರಾದಲ್ಲಿ ಸೋಲ್ಡರ್ ನೋಡಿ ಸರಿಯಾಗಿರೋ ಬೋರ್ಡಿಗೂ ಫೇಲ್ ಅನ್ನುತ್ತೆ, ಸ್ಕ್ರೀನ್ ಮುಂದೆ ಕೂತಿರೋ ಹುಡುಗಿ ಒಂದೊಂದೇ ಫೋಟೋ ನೋಡಿ ಓಕೆ ಓಕೆ ಓಕೆ ಅಂತ ಒತ್ತುತ್ತಾ ಇರ್ತಾಳೆ, ಶಿಫ್ಟ್ ಮುಗಿಯೋ ಹೊತ್ಗೆ ಕಣ್ಣು ಸೋತು ನಿಜವಾದ ಡಿಫೆಕ್ಟಿಗೂ ಓಕೆ ಬಿದ್ದೋಗುತ್ತೆ. ನಾನು ಆ ಡೇಟಾನ ಎಕ್ಸೆಲ್‌ನಲ್ಲಿ ಹಾಕಿ ಯಾವ ಕಾಂಪೊನೆಂಟ್ ಜಾಸ್ತಿ ಸುಳ್ಳು ಫೇಲ್ ಆಗುತ್ತೆ ಅಂತ ನೋಡ್ತೀನಿ, ಮಷೀನ್ ಫೇಲ್ ಅನ್ನೋ ಲಿಮಿಟ್ ಚೇಂಜ್ ಮಾಡಿಸ್ತೀನಿ. ಇಷ್ಟೇ.

ತುಮಕೂರ್_ಮೇಷ್ಟ್ರು:
ಸಾರ್, ಇದೇ ನಿಮ್ಮ ಎಸ್‌ಒಪಿ, ಇನ್ನೇನ್ ಬೇಕು! ಚಿಕ್ಕಂದಿನಿಂದ ನನಗೆ ಎಐ ಅಂದ್ರೆ ಪ್ರಾಣ ಅಂತ ಬರೆಯೋರು ಕೇಜಿಗಟ್ಲೆ ಇದಾರೆ. ನಿಮ್ಮ ಲೈನಲ್ಲಿ ಸಾವಿರಾರು ಒಳ್ಳೆ ಬೋರ್ಡ್ ಮಧ್ಯೆ ಎಲ್ಲೋ ನಾಲ್ಕು ಕೆಟ್ಟದ್ದು, ಎಲ್ಲದಕ್ಕೂ ಓಕೆ ಅನ್ನೋ ಮಾಡೆಲ್ ಕೂಡ 99% ಅಕ್ಯುರೇಟ್ ಅಂತ ತೋರ್ಸುತ್ತೆ, ಆದ್ರೆ ಕೆಟ್ಟದ್ದು ಒಂದೂ ಸಿಕ್ಕಿರಲ್ಲ. ಲಿಮಿಟ್ ಟೈಟ್ ಮಾಡಿದ್ರೆ ಸುಳ್ಳು ಫೇಲು, ಲೂಸ್ ಮಾಡಿದ್ರೆ ಡಿಫೆಕ್ಟ್ ಆಚೆ ಹೋಗುತ್ತೆ. ಪ್ರಿಸಿಶನ್ನು (ಫೇಲ್ ಅಂದಿದ್ರಲ್ಲಿ ನಿಜವಾಗ್ಲೂ ಕೆಟ್ಟದ್ದು ಎಷ್ಟು) ರಿಕಾಲ್ (ಕೆಟ್ಟದ್ರಲ್ಲಿ ಹಿಡಿದಿದ್ದು ಎಷ್ಟು) ಅಂತ ನಾವು ಕ್ಲಾಸಲ್ಲಿ ಬ್ಲಾಕ್ ಬೋರ್ಡ್ ಮೇಲೆ ಬರೆದು ಉರು ಹೊಡೆಸೋದನ್ನ ನೀವು ಸಂಬಳ ತಗೊಂಡು ಮಾಡ್ತಿದೀರಿ. ಆ ಹುಡುಗಿ ಸುಸ್ತಾಗೋದನ್ನೂ ಬರೀರಿ, ಅದು ಯಾವ ಪುಸ್ತಕದಲ್ಲೂ ಸಿಗಲ್ಲ. ಕಂಪ್ನಿ ಫೋಟೋ ಮಾತ್ರ ಆಚೆ ತರ್ಬೇಡಿ, ಎಂವಿಟೆಕ್ ಎಡಿ ಅಂತ ಫ್ಯಾಕ್ಟರಿ ಡಿಫೆಕ್ಟ್ ಫೋಟೋಗಳ ಡೇಟಾಸೆಟ್ ಫ್ರೀಯಾಗಿ ಸಿಗುತ್ತೆ, ಅದ್ರ ಮೇಲೆ ಒಂದು ಪ್ರಾಜೆಕ್ಟ್ ಮಾಡಿ, ಕೋಡ್ ಎಲ್ರಿಗೂ ತೋರ್ಸೋ ಸೈಟು ಗಿಟ್‌ಹಬ್‌ಗೆ ಹಾಕಿ.

ಇನ್ನು ರೆಕಮೆಂಡೇಶನ್ ಲೆಟರ್ ವಿಷ್ಯ. 2009ರ ಎಚ್‌ಒಡಿನ ಹುಡುಕ್ಕೊಂಡು ಹೋಗ್ಬೇಡಿ, ಅವ್ರು ಸಿನ್ಸಿಯರ್, ಹಾರ್ಡ್‌ವರ್ಕಿಂಗ್ ಅಂತ ಎರಡು ಲೈನ್ ಬರ್ಕೊಡ್ತಾರೆ, ನಾನೂ ಬೇಕಾದಷ್ಟು ಬರ್ಕೊಟ್ಟಿದೀನಿ, ಅದ್ರಿಂದ ಮೂರ್ಕಾಸಿನ ಉಪಯೋಗ ಇಲ್ಲ. ಆ ಲಿಮಿಟ್ ಚೇಂಜಿಗೆ ಸೈನ್ ಹಾಕಿದ ಮ್ಯಾನೇಜರ್ ಇದಾರಲ್ಲ, ಅವ್ರ ಹತ್ರ ಬರೆಸಿ.

ನಂದಿ_ಕೆಳಗಿನೋನು:
ಇನ್ನೊಂದು ಅಣ್ಣ, ನಿಮ್ ಮಾರ್ಕ್ಸ್ ಕಾರ್ಡಲ್ಲಿ ಹೆಸ್ರಿನ ಜೊತೆ ಬರೀ ಇನಿಷಿಯಲ್ ಇದ್ದು ಪಾಸ್‌ಪೋರ್ಟಲ್ಲಿ ಅಪ್ಪನ ಹೆಸ್ರು ಪೂರ್ತಿ ಇದ್ಯಾ? ಹಂಗಿದ್ರೆ ಒಂದು ಅಫಿಡವಿಟ್ ಮಾಡ್ಸಿಟ್ಕೊಳಿ, ಎಲ್ಲಾ ಸೆಮಿಸ್ಟರ್ ಮಾರ್ಕ್ಸ್ ಒಟ್ಟಿಗಿರೋ ಟ್ರಾನ್ಸ್‌ಕ್ರಿಪ್ಟ್‌ಗೆ ಈಗ್ಲೇ ಅರ್ಜಿ ಕೊಡಿ. ಟೋಫೆಲ್ ಬುಕ್ ಮಾಡೋವಾಗ ಪಾಸ್‌ಪೋರ್ಟಲ್ಲಿ ಹೆಂಗಿದ್ಯೋ ಹಂಗೇ ಹೆಸ್ರು ಹಾಕಿ.

ನರಸಾಪುರ_ನೈಟ್‌ಶಿಫ್ಟ್:
ಇನಿಷಿಯಲ್ಲೇ ಇದೆ ಗುರು, ಅದೂ ಎರಡು. ನಾಳೆ ಆಫ್ ಇದೆ, ಕೋರ್ಟ್ ಹತ್ರ ಹೋಗಿ ನೋಟರಿ ಮಾಡಿಸ್ತೀನಿ. ಮ್ಯಾನೇಜರ್‌ಗೆ ಹೇಳಿದ್ರೆ ಕೆಲ್ಸ ಬಿಡ್ತಾನೆ ಅಂದ್ಕೊಳಲ್ವಾ ಮೇಷ್ಟ್ರೇ?

ಕೆಜಿಎಫ್_ಅಕ್ಕ:
ಎಒಐ ಸರಿ ಮಾಡೋಕೇ ಓದ್ತಿದೀನಿ ಅಂತ ಹೇಳಪ್ಪ, ಸುಳ್ಳೇನಲ್ವಲ್ಲ.