ಕೃತಕ ಗರ್ಭಧಾರಣೆ: ಮಳೆ ಶುರುವಾದರೂ ಮೊಲಗಳಿಗೆ ಗಬ್ಬ ನಿಲ್ಲುತ್ತಿಲ್ಲ

ಪ್ರಶ್ನೆ (ಕಾರ್ಕಳ): ಸೆಖೆ ಕಡಿಮೆಯಾಗಿದೆ, ಮೇವು ಬದಲಾಗಿಲ್ಲ. ಆದರೂ ಜೂನ್‌ನಲ್ಲಿ ಅರ್ಧದಷ್ಟು ಹೆಣ್ಣುಗಳು ಖಾಲಿ. ವೀರ್ಯ ನಮ್ಮ ಶೆಡ್ಡಿನ ಗಂಡುಗಳದ್ದೇ. ತಪ್ಪು ಎಲ್ಲಿ?

ಉತ್ತರ (ಮೂಡುಬಿದಿರೆ): ಮೊದಲು ಗಂಡುಗಳನ್ನು ನೋಡಿ ಮಾರಾಯ್ರೆ. ಮೊಲದಲ್ಲಿ ವೀರ್ಯಾಣು ತಯಾರಾಗಲು ಸುಮಾರು ಒಂದೂವರೆ ತಿಂಗಳು ಬೇಕು. ಏಪ್ರಿಲ್-ಮೇ ಸೆಖೆಯ ಪೆಟ್ಟು ಜೂನ್‌ನಲ್ಲಿ ಕಾಣುವುದು ಅದಕ್ಕೇ. ಶೆಡ್ 30 ಡಿಗ್ರಿ ದಾಟಿದರೆ ವೀರ್ಯ ಕೆಡುತ್ತದೆ. ತಗಡಿನ ಮೇಲೆ ತೆಂಗಿನ ಮಡಲು ಹೊದೆಸಿ, ಗಂಡುಗಳನ್ನು ಗಾಳಿ ಆಡುವ ಕಡೆಗಿಡಿ. ಪ್ರತಿ ಸಲ ಮೈಕ್ರೋಸ್ಕೋಪಿನಲ್ಲಿ ಚಲನೆ ನೋಡಿ. ಹಳದಿ ಬಣ್ಣವಿದ್ದರೆ ಮೂತ್ರ ಬೆರೆತಿದೆ, ಚೆಲ್ಲಿಬಿಡಿ. ಅಂಟಂಟಾದ ಜೆಲ್ ತೆಗೆದೇ ಡೈಲ್ಯೂಟರ್ (ವೀರ್ಯ ತೆಳುಗೊಳಿಸುವ ದ್ರಾವಣ) ಸೇರಿಸಬೇಕು. 15–18 ಡಿಗ್ರಿಯಲ್ಲಿಟ್ಟು ಒಂದು ದಿನದೊಳಗೆ ಮುಗಿಸಿ. ಫ್ರಿಜ್ಜಿನ ಚಳಿ ಬೇಡ.

ಉತ್ತರ (ಬ್ರಹ್ಮಾವರ): ಹೆಣ್ಣಿನ ಕಡೆಯೂ ನೋಡಬೇಕು. ಯೋನಿಯ ತುಟಿ ಕೆಂಪಾಗಿ ಊದಿದ್ದರೆ ಸರಿ. ಬಿಳಿಚಿ ಒಣಗಿದ್ದರೆ ಆ ದಿನ ಬಿಡಿ. ಮೊಲಕ್ಕೆ ತಾನಾಗಿ ಅಂಡ ಬಿಡುಗಡೆಯಾಗುವುದಿಲ್ಲ, ಕೂಡುವ ಪ್ರಚೋದನೆಯೇ ಬೇಕು. ಅದರ ಬದಲಿಗೆ ಬುಸೆರೆಲಿನ್ (ಅಂಡ ಬಿಡುಗಡೆ ಮಾಡಿಸುವ ಹಾರ್ಮೋನು) ಚುಚ್ಚುಮದ್ದು 0.8 ಮೈಕ್ರೋಗ್ರಾಂ, ತೊಡೆಯ ಸ್ನಾಯುವಿಗೆ, ವೀರ್ಯ ಹಾಕುವ ಹೊತ್ತಿಗೇ. ಇದು ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಡೋಸನ್ನು ಪಶುವೈದ್ಯರಿಂದ ಖಚಿತಪಡಿಸಿಕೊಳ್ಳಿ. ವೀರ್ಯ 0.5 ಮಿಲಿ. ನಳಿಕೆಯನ್ನು ಮೊದಲು ಬೆನ್ನಿನ ಕಡೆಗೆ ಓರೆಯಾಗಿ ತೂರಿಸಿ, ಆಮೇಲೆ ನೇರ ಮಾಡಿ. ಕೆಳಗೆ ಒತ್ತಿದರೆ ಮೂತ್ರನಾಳಕ್ಕೆ ಹೋಗುತ್ತದೆ.

ಹಾಲುಣಿಸುವ ತಾಯಿಯಾದರೆ ಮರಿ ಹಾಕಿದ 4ನೇ ದಿನಕ್ಕಿಂತ 11ನೇ ದಿನ ವಾಸಿ. ಮಳೆಗಾಲದ ಮೋಡಕ್ಕೆ ಬೆಳಕು ಸಾಲದು; ವೀರ್ಯ ಹಾಕುವ ಒಂದು ವಾರ ಮೊದಲಿನಿಂದಲೇ ಬಲ್ಬ್ ಹಾಕಿ ದಿನಕ್ಕೆ 16 ಗಂಟೆ ಬೆಳಕು ಕೊಡಿ.

ಪ್ರಶ್ನೆ ಕೇಳಿದವರು: ಗಬ್ಬ ಪರೀಕ್ಷೆ ಯಾವಾಗ?

ಉತ್ತರ (ಬ್ರಹ್ಮಾವರ): ವೀರ್ಯ ಹಾಕಿದ 12–14ನೇ ದಿನ, ಹೊಟ್ಟೆ ಮೆಲ್ಲಗೆ ಮುಟ್ಟಿ. ದ್ರಾಕ್ಷಿಯಂಥ ಗಂಟುಗಳು ಬೆರಳಿನಡಿ ಜಾರುತ್ತವೆ. ಕರುಳಿನ ಹಿಕ್ಕೆಯಾದರೆ ಗಟ್ಟಿ, ಗೊಂದಲ ಬೇಡ.